ಕೆಂಪು ಕ್ಯಾಪಿನ ಸಿರಿಂಜು, ನೈಟ್ ಡ್ಯೂಟಿ

ಪ್ರಶ್ನೆ: ಮೇಡಂ, ಪ್ರೈವೇಟ್ ಆಸ್ಪತ್ರೆ ಮೆಡಿಕಲ್ ವಾರ್ಡಲ್ಲಿ ಸ್ಟಾಫ್ ನರ್ಸ್ ನಾನು, ರಾತ್ರಿ 28 ಬೆಡ್ಡಿಗೆ ನಾವಿಬ್ರೇ. ಹೋದ ವಾರ ಇನ್ಸುಲಿನ್ ಪೆನ್ನಿನ ನೀಡಲ್ ಖಾಲಿ ಅಂತ ಪೆನ್ನೊಳಗಿನ ಔಷಧಿ ಕಾರ್ಟ್ರಿಡ್ಜಿಂದಲೇ ಸಿರಿಂಜಿಗೆ 16 ಯೂನಿಟ್ ಇನ್ಸುಲಿನ್ ಎಳ್ಕೊಂಡೆ, ಅಷ್ಟ್ರಲ್ಲಿ ಯಾರೋ "ಸಿಸ್ಟರ್, ಡ್ರಿಪ್ ಮುಗೀತು" ಅಂದ್ರು, ಹೋಗ್ಬಂದು ಇನ್ನೇನು ಕೊಡ್ಬೇಕು ಅನ್ನೋವಾಗ ಜೊತೆಗಿದ್ದೋಳು ಕೈ ಹಿಡಿದ್ಲು, ಸಿರಿಂಜು ಕೆಂಪು ಕ್ಯಾಪಿಂದು. ಪೇಷೆಂಟಿಗೆ ಏನೂ ಆಗ್ಲಿಲ್ಲ. ನಾನೇ ಹೋಗಿ ಇನ್‌ಚಾರ್ಜಿಗೆ ಹೇಳಿದ್ದಕ್ಕೆ ಎಕ್ಸ್‌ಪ್ಲನೇಷನ್ ಲೆಟರ್ ಬರೆಸ್ಕೊಂಡ್ರು. ಸುಮ್ನಿರ್ಬೇಕಿತ್ತಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಸುಮ್ನಿರಬಾರ್ದು ಕಣಮ್ಮ, ಹೇಳಿದ್ದೇ ಸರಿ. ಲೆಟರ್ ಬರೆಸ್ಕೊಂಡಿದ್ದು ತಪ್ಪು, ಇನ್ನು ಆ ವಾರ್ಡಲ್ಲಿ ಯಾರೂ ಬಾಯಿ ಬಿಡಲ್ಲ ನೋಡ್ತಿರು.

ಲೆಕ್ಕ ಹಾಕಿ ನೋಡು. ಕೆಂಪು ಕ್ಯಾಪಿಂದು ಎಂಎಲ್‌ಗೆ 40 ಯೂನಿಟ್ ಇರೋ ವಯಲ್‌ಗೆ (ಇನ್ಸುಲಿನ್ ಬಾಟ್ಲಿ), ಆರೆಂಜ್ ಕ್ಯಾಪಿಂದು 100ಕ್ಕೆ, ಪೆನ್ ಕಾರ್ಟ್ರಿಡ್ಜಲ್ಲಿ ಸಾಮಾನ್ಯವಾಗಿ ಇರೋದು 100. ಕೆಂಪು ಸಿರಿಂಜಲ್ಲಿ 16ರ ಗೆರೆ ಅಂದ್ರೆ 0.4 ಎಂಎಲ್, ಅಂದ್ರೆ ಹೋಗ್ತಿದ್ದಿದ್ದು 40 ಯೂನಿಟ್! ರಾತ್ರಿ ಎರಡು ತುತ್ತು ಗಂಜಿ ಕುಡ್ದು ಮಲಗಿರೋ ಅಜ್ಜಿಗೆ ಇದು ಹೋದ್ರೆ ಶುಗರ್ ತೀರಾ ಇಳಿದು ಬೆಳಗಿನ ಜಾವ ಮೈಯೆಲ್ಲಾ ಬೆವರಿ, ಎಬ್ಬಿಸಿದ್ರೂ ಏಳದೇ ಇರ್ತಾರೆ, ನಾವು ನಿದ್ದೆ ಅಂದ್ಕೊಂಡು ಮುಂದಿನ ಬೆಡ್ಡಿಗೆ ಹೋಗ್ತೀವಿ. ಕಾರ್ಟ್ರಿಡ್ಜಿಂದ ಯಾವ ಸಿರಿಂಜಿಗೂ ಎಳೀಬೇಡಿ, ಆರೆಂಜ್ ಆದ್ರೂ ಬೇಡ. ನೀಡಲ್ ಇಲ್ವಾ, ಡ್ಯೂಟಿ ಡಾಕ್ಟ್ರಿಗೆ ಹೇಳಿ ವಯಲ್ ತರ್ಸಿ, ಅದ್ರ ಮೇಲಿರೋ ನಂಬರಿನ ಸಿರಿಂಜೇ ತಗೊಳ್ಳಿ. ವಾರ್ಡಲ್ಲಿ ಎರಡೂ ಥರ ಇಡೋದೇ ಅಪಾಯ, ಒಂದೇ ಇರ್ಲಿ ಅಂತ ಫಾರ್ಮಸಿ ಜೊತೆ ಜಗಳ ಆಡಿದ್ರೂ ಪರವಾಗಿಲ್ಲ.

ಇನ್ನು ಮಧ್ಯೆ ಕರೆಯೋದು. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸ್‌ಗಳನ್ನ ಗಮನಿಸಿ 2010ರಲ್ಲಿ ಪ್ರಕಟಿಸಿದ್ರು, ಔಷಧಿ ಕೊಡೋವಾಗ ಒಂದೊಂದು ಸಲ ಅಡ್ಡಿ ಆದಾಗ್ಲೂ ತಪ್ಪು ಸುಮಾರು 12% ಜಾಸ್ತಿ ಆಗ್ತಿತ್ತಂತೆ. ನಮ್ಮಲ್ಲಿ ಪೇಷೆಂಟ್ ಜೊತೆಗಿರೋರ ಬಾಯಿ ಕಟ್ಟೋಕಾಗುತ್ತಾ? ಟ್ರಾಲಿ ಎಳ್ಯೋ ಮುಂಚೆ ಹತ್ತು ನಿಮಿಷ ಬರಿಗೈಲಿ ಒಂದು ಸುತ್ತು ಹಾಕಿ, ಮುಗಿಯೋ ಡ್ರಿಪ್, ಬೆಡ್‌ಪ್ಯಾನ್, ನೋವು ಎಲ್ಲಾ ಆಗ್ಲೇ ನೋಡ್ಬಿಡಿ, ಅರ್ಧ ಕರೆ ಅಲ್ಲೇ ನಿಲ್ಲುತ್ತೆ. ಆಮೇಲೆ ಒಬ್ರು ಔಷಧಿ ಮಾತ್ರ, ಇನ್ನೊಬ್ರು ಫೋನು, ಬೆಲ್ಲು. ಟ್ರೇ ತುಂಬ ಸಿರಿಂಜ್ ಸಾಲಾಗಿ ತುಂಬಿಟ್ಕೊಂಡು ಹೊರಡೋ ಅಭ್ಯಾಸ ಬಿಡಿ (ನಾನೂ ವರ್ಷಗಟ್ಟಲೆ ಮಾಡಿದ್ದೆ), ಒಂದು ಬೆಡ್ಡಿಗೆ ಒಂದ್ಸಲ ತಯಾರಿ, ಮಧ್ಯೆ ಎದ್ದು ಹೋದ್ರೆ ಮತ್ತೆ ಮೊದ್ಲಿಂದ ಚೆಕ್.

ಅಂದ್ಹಾಗೆ ಲೆಟರಲ್ಲಿ ಪೆನ್ ನೀಡಲ್ ಇರ್ಲಿಲ್ಲ ಅಂತ ಬರ್ದಿದ್ದೀಯಾ? ಇಲ್ದಿದ್ರೆ ನಾಳೆನೇ ಇನ್ನೊಂದು ಕಾಗ್ದ ಬರ್ದು, ಇಂಡೆಂಟ್ (ಸ್ಟೋರಿಗೆ ಸಾಮಾನು ಕೇಳಿದ ಚೀಟಿ) ಕಾಪಿ ಪಿನ್ ಮಾಡಿ ಕೊಡು.