ಪಂಪ್ ಮಾಡಿದರೆ ಮಾತ್ರ ಬ್ರೇಕ್ ಹಿಡಿಯುತ್ತಾ?

ಸೆಕೆಂಡ್ ಹ್ಯಾಂಡ್ ಬೈಕಿನ ಮುಂದಿನ ಡಿಸ್ಕ್ ಬ್ರೇಕ್ ಲಿವರ್ ಮೊದಲ ಸಲ ಹ್ಯಾಂಡಲ್‌ವರೆಗೂ ಬರುತ್ತದೆ, ಎರಡು ಮೂರು ಸಲ ಪಂಪ್ ಮಾಡಿದರೆ ಗಟ್ಟಿಯಾಗುತ್ತದೆ ಅಂದಿರಿ. ಬಹುತೇಕ ಬ್ರೇಕ್ ಆಯಿಲ್ ಹರಿಯುವ ಲೈನಿನಲ್ಲಿ ಗಾಳಿ ಸೇರಿದೆ. ಇದಕ್ಕೆ ಹೊಸ ಪ್ಯಾಡ್ ಹಾಕಿಸಿದರೆ ಸುಮ್ನೆ ದುಡ್ಡು ದಂಡ.

ಗಾಡಿ ನಿಲ್ಲಿಸಿಯೇ ಒಂದು ಪರೀಕ್ಷೆ ಮಾಡಿ. ಲಿವರ್ ಗಟ್ಟಿಯಾದ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಿಧಾನಕ್ಕೆ ಹ್ಯಾಂಡಲ್ ಕಡೆ ಜಾರಿದರೆ ಕ್ಯಾಲಿಪರ್ (ಚಕ್ರದ ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ), ಹೋಸ್ ಜಾಯಿಂಟ್ ಆಯಿಲ್ ಸೋರಿ ಒದ್ದೆಯಾಗಿದೆಯಾ ನೋಡಿ. ಹೊರಗೆಲ್ಲ ಒಣಗಿದ್ದರೆ ಮಾಸ್ಟರ್ ಸಿಲಿಂಡರ್ (ಲಿವರ್ ಪಕ್ಕದಲ್ಲಿ ಆಯಿಲ್ ತಳ್ಳುವ ಪಂಪ್) ಒಳಗಿನ ಸೀಲ್ ಮೇಲೆ ಅನುಮಾನ. ಜಾರದಿದ್ದರೆ ಬ್ಲೀಡ್ ಮಾಡಿಸಿ, ಅಂದರೆ ಲೈನಿನ ಗಾಳಿ ಹೊರಗೆ ತೆಗೆಸಿ ನೋಡಿ, ಜಾಸ್ತಿ ಖರ್ಚಿಲ್ಲ.

ಆಗಲೇ ಹಳೇ ಬ್ರೇಕ್ ಆಯಿಲ್ ಪೂರ್ತಿ ತೆಗೆಸಿ. ಬೈಕಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಗ್ರೇಡನ್ನೇ ಹಾಕಿಸಿ, ಸಾಮಾನ್ಯವಾಗಿ ಡಾಟ್ 3 ಅಥವಾ 4 ಇರುತ್ತದೆ. ಅಂಗಡಿಯಲ್ಲಿ ತೆರೆದಿಟ್ಟ ಡಬ್ಬಿಯ ಆಯಿಲ್ ಬೇಡ, ಗಾಳಿಯ ತೇವ ಹೀರಿಕೊಂಡಿರುತ್ತದೆ. ಈ ಆಯಿಲ್ ಪೇಂಟನ್ನೂ ತಿನ್ನುತ್ತದೆ, ಟ್ಯಾಂಕಿಗೆ ಬಟ್ಟೆ ಹೊದಿಸಲು ಹೇಳಿ. ಬ್ರೇಕ್ ಸರಿಯಾಗುವವರೆಗೆ ಗಾಡಿ ಓಡಿಸಬೇಡಿ.