ಸಂಜೆ ಆರರ ಡಾಕ್ಟರು

ಪತ್ರ: ನಮ್ಮೂರಿಂದ ಎರಡೇ ಕಿಲೋಮೀಟರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಔಷಧಿ ಪುಕ್ಕಟೆ. ಆದರೂ ಜನ ದುಡ್ಡು ಕೊಟ್ಟು ಖಾಸಗಿ ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚಿಸಿಕೊಳ್ಳುತ್ತಾರೆ. ಇವರಿಗೆ ತಿಳಿವಳಿಕೆ ಬರುವುದು ಯಾವಾಗ?
– ನಿವೃತ್ತ ಶಿಕ್ಷಕರು, ತುಮಕೂರು ಜಿಲ್ಲೆ

ಉತ್ತರ: ಮೇಷ್ಟ್ರೇ, ನಿಮ್ಮ ಬೇಸರ ಅರ್ಥವಾಗುತ್ತದೆ. ತಿಳಿವಳಿಕೆ ಇಲ್ಲ ಅನ್ನುವ ಮಾತನ್ನು ಮಾತ್ರ ಒಪ್ಪಲಾರೆ.

ಒಮ್ಮೆ ಗಡಿಯಾರ ನೋಡಿ. ಬಹುತೇಕ ಕೇಂದ್ರಗಳಲ್ಲಿ ಡಾಕ್ಟರು ಸಿಗುವುದು ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ ತನಕ. ಕಡಲೆಕಾಯಿ ಕೀಳಲು ಹೋಗುವ ಹೆಂಗಸಿಗೆ ಅದೇ ಕೂಲಿಯ ಹೊತ್ತು. ಚೀಟಿಗೊಂದು ಸಾಲು, ಮಾತ್ರೆಗೊಂದು ಸಾಲು ಅಂತ ನಿಂತರೆ ಆ ದಿನದ ಕೂಲಿ ಹೋಯಿತು. ಮತ್ತೆ ಪುಕ್ಕಟೆ ಎಲ್ಲಿ ಬಂತು? ಖಾಸಗಿ ಕ್ಲಿನಿಕ್ಕು ಸಂಜೆ ಆರಕ್ಕೂ ತೆರೆದಿರುತ್ತದೆ. ಕೆಲಸ ಮುಗಿಸಿ, ಕೈಕಾಲು ತೊಳೆದು ಹೋಗಬಹುದು. ದುಡ್ಡು ಸಂತೆ ದಿನ ಕೊಟ್ಟರೂ ನಡೆಯುತ್ತದೆ. ಅವಳ ಲೆಕ್ಕ ಸರಿಯಾಗೇ ಇದೆ, ಅಲ್ವಾ?

ಅದೇ ಜನ ನಾಯಿ ಕಚ್ಚಿದರೆ ಎಲ್ಲಿಗೆ ಓಡುತ್ತಾರೆ? ಸರ್ಕಾರಿ ಆಸ್ಪತ್ರೆಗೇ. ಮಗುವಿನ ಲಸಿಕೆ, ತಾಯಿ ಕಾರ್ಡು, ಟಿಬಿ ಮಾತ್ರೆ ಎಲ್ಲಕ್ಕೂ ಅಲ್ಲಿಗೇ. ನಮ್ಮಮ್ಮನೂ ಹೀಗೇ. ಬಿಪಿ ಮಾತ್ರೆ ತಿಂಗಳು ತಿಂಗಳು ನರ್ಸಮ್ಮನ ಹತ್ತಿರ. ಜ್ವರ ಬಂದರೆ ಸಂಜೆ ಡಾಕ್ಟರ ಹತ್ತಿರ. ಯಾವುದಕ್ಕೆ ಯಾವ ಬಾಗಿಲು ಅಂತ ಊರು ಆಗಲೇ ಹಂಚಿಕೊಂಡಿದೆ.

ಸೂಜಿ ಹಾಕದವರು ಡಾಕ್ಟರೇ ಅಲ್ಲ ಅನ್ನುವ ನಂಬಿಕೆ ಇದೆ, ನಿಜ. ಮಾತ್ರೆಯಲ್ಲಿ ಹೋಗುವ ಜ್ವರಕ್ಕೂ ಗ್ಲೂಕೋಸ್ ಬಾಟಲಿ ತೂಗುಹಾಕುವವರಿದ್ದಾರೆ. ಅಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಆದರೆ ಆ ಆಸೆ ಹುಟ್ಟಿಸಿದವರಲ್ಲಿ ಓದಿದವರೂ ಇದ್ದಾರೆ.

ಇನ್ನೊಂದು ಸಂಗತಿ. ಸರ್ಕಾರದ ಲೆಕ್ಕದಲ್ಲಿ ಬಯಲುಸೀಮೆಯ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಎಷ್ಟೋ ಕಡೆ ಇರುವವರು ಒಬ್ಬರೇ ಡಾಕ್ಟರು. ಅವರು ಮೀಟಿಂಗಿಗೋ ತರಬೇತಿಗೋ ಹೋದರೆ ಬಂದವರು ಸುಮ್ನೆ ವಾಪಸ್. ಎರಡು ಸಲ ಹಾಗೆ ಬಂದವರು ಮೂರನೇ ಸಲ ಹೊರಡುವ ಮುಂಚೆ ಆಶಾ ಕಾರ್ಯಕರ್ತೆಗೆ ಫೋನು ಮಾಡುತ್ತಾರೆ: "ಅಕ್ಕಾ, ಡಾಕ್ಟ್ರು ಬಂದವ್ರಾ?" ಸಾವಿರ ಜನಕ್ಕೊಬ್ಬರಂತೆ ಇರುವ ಈ ಆಶಾಗಳು ಗರ್ಭಿಣಿಯರ ಪಟ್ಟಿಯ ಜೊತೆಗೆ ಡಾಕ್ಟರ ಹಾಜರಿಯನ್ನೂ ನೆನಪಿಟ್ಟುಕೊಳ್ಳಬೇಕು!

ನೀವು ಅರಿವು ಶಿಬಿರ ಮಾಡಬೇಕು ಅಂತ ಹೊರಟಿದ್ದರೆ, ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತದೆ. ಅದರಲ್ಲಿ ಊರಿನವರೂ ಇರುತ್ತಾರೆ. ಸದಸ್ಯರು ಯಾರು, ಕಳೆದ ಸಲ ಸಭೆ ಸೇರಿದ್ದು ಯಾವಾಗ ಅಂತ ವಿಚಾರಿಸಿ. ವಾರಕ್ಕೆರಡು ದಿನವಾದರೂ ಸಂಜೆ ಏಳರ ತನಕ ಡಾಕ್ಟರು ಕೂರಬಹುದೇ ಅಂತ ಅಲ್ಲಿ ಕೇಳಿ. ಮೇಷ್ಟ್ರು ಕೇಳಿದರೆ ಉತ್ತರ ಕೊಡಲೇಬೇಕಲ್ಲ. ಏನಂದರು ಅಂತ ನಮಗೂ ಬರೆಯಿರಿ, ಅಚ್ಚು ಹಾಕುತ್ತೇವೆ.