ಕತ್ತಲಾದ ಮೇಲೆ ಮಿಲ್ ಲ್ಯಾಕ್ಸ್ ಕೆರೆಯಲ್ಲಿ

ತಮ್ಮಾ, ನೀನು ಕೇಳಿದ್ದು ಇಷ್ಟು. ನೀನು ಅಕ್ಟೋಬರಿನಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಬಂದೆ. ಈಗ ಸಂಜೆ ನಾಲ್ಕೂವರೆಗೇ ಕತ್ತಲು, ಹೊರಗೆ ಕಾಲಿಡಲು ಮನಸ್ಸೇ ಬರುವುದಿಲ್ಲ. ಅಷ್ಟರಲ್ಲಿ ಆಫೀಸಿನವರೊಬ್ಬರು ಜನವರಿಯಲ್ಲಿ ಮಿಲ್ ಲ್ಯಾಕ್ಸ್ ಕೆರೆಯ ಐಸ್ ಮೇಲೆ ರಾತ್ರಿ ಹೊತ್ತು ವಾಲೈ ಮೀನು ಹಿಡಿಯೋಣ ಬಾ ಅಂತ ಕರೆದಿದ್ದಾರೆ. ಹೋಗಲಾ ಅಕ್ಕಾ, ಐಸ್ ಒಡೆದರೆ ಏನು ಗತಿ, ದಾವಣಗೆರೆಯ ನಾನು ಮೀನೇ ತಿನ್ನುವವನಲ್ಲ, ಅಲ್ಲಿ ಕೂತು ಏನು ಮಾಡಲಿ ಅಂತ ಬರೆದಿದ್ದೀಯ. ಹೆಂಡತಿ ಮಂಗಳೂರಿನವಳು, ಅವಳಿಗೆ ಮಾತ್ರ ಬಹಳ ಖುಷಿಯಾಗಿದೆ ಅಂತಲೂ ಹೇಳಿದ್ದೀಯ.

ಹೋಗು. ಇಬ್ಬರೂ ಹೋಗಿ.

ನಾನು ಕುಂದಾಪುರ ಕಡೆಯವಳು. ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಹೊಸದಾಗಿ ಬಂದವರಿಗೆ ಎಲ್ಲರೂ ವಿಟಮಿನ್ ಡಿ ತಗೋ, ಜಿಮ್‌ಗೆ ಹೋಗು, ಮನೆಯಲ್ಲಿ ಜಾಸ್ತಿ ದೀಪ ಹಾಕು ಅನ್ನುತ್ತಾರೆ. ಅದೆಲ್ಲ ಸರಿಯೇ. ಆದರೆ ಚಳಿಗಾಲ ಮುಗಿಯಲಿ ಅಂತ ದಿನ ಎಣಿಸುತ್ತ ಕೂತರೆ ಇಲ್ಲಿ ವರ್ಷದ ಅರ್ಧ ಬರೀ ಕಾಯುವುದರಲ್ಲೇ ಹೋಗುತ್ತದೆ. ಈ ಊರಿನವರು ಐಸ್ ಕಟ್ಟುವುದನ್ನೇ ಕಾಯುತ್ತಾರೆ. ನಿನಗೆ ಬೇಜಾರು ತರಿಸುವ ಆ ಸಂಜೆಯ ಕತ್ತಲೆಯಿದೆಯಲ್ಲ, ವಾಲೈ ಹಿಡಿಯುವವರಿಗೆ ದಿನ ಶುರುವಾಗುವುದೇ ಆಗ.

ಅದಕ್ಕೆ ಕಾರಣ ಆ ಮೀನಿನ ಕಣ್ಣು. ಬೆಕ್ಕಿಗಿರುವ ಹಾಗೆ ಅದರ ಕಣ್ಣಿನ ಒಳಗೂ ಬೆಳಕನ್ನು ತಿರುಗಿಸಿ ಕೊಡುವ ಒಂದು ಪದರವಿದೆ. ಹಾಗಾಗಿ ಮಬ್ಬು ಬೆಳಕಿನಲ್ಲೂ ಚೆನ್ನಾಗಿ ಕಾಣುತ್ತದೆ. ಅದು ತಿನ್ನುವ ಪರ್ಚ್ ಮೀನಿಗೆ ಆ ಅನುಕೂಲವಿಲ್ಲ. ಕತ್ತಲಾದರೆ ಪರ್ಚ್ ತಳಕ್ಕಿಳಿದು ಸುಮ್ಮನಾಗುತ್ತದೆ. ಹಗಲೆಲ್ಲ ಆಳದಲ್ಲಿದ್ದ ವಾಲೈ ಸೂರ್ಯ ಇಳಿಯುವ ಹೊತ್ತಿಗೆ ಆಳ ಕಮ್ಮಿ ಇರುವ ಕಡೆಗೆ ಹೊಟ್ಟೆಪಾಡಿಗೆ ಬರುತ್ತದೆ. ಎಲ್ಲ ಕೆರೆಯಲ್ಲೂ ಹೀಗೇ ಅಂತಲ್ಲ. ಅಪ್ಪರ್ ರೆಡ್ ಲೇಕ್‌ನಂಥ ಕಂದು ನೀರಿನ ಕೆರೆಯಲ್ಲಿ ಹಗಲಲ್ಲೂ ಚೆನ್ನಾಗಿ ಕಚ್ಚುತ್ತದೆ. ಮಿಲ್ ಲ್ಯಾಕ್ಸ್ ನೀರು ತಿಳಿ. 2005ರಲ್ಲಿ ಜೀಬ್ರಾ ಮಸಲ್ ಅನ್ನುವ ಹೊರಗಿನ ಸಣ್ಣ ಚಿಪ್ಪು ಅಲ್ಲಿ ಕಾಣಿಸಿಕೊಂಡಿತು. ಅದು ನೀರನ್ನು ಸೋಸಿ ಸೋಸಿ ಇನ್ನೂ ತಿಳಿಯಾಗಿಸಿದೆ. ಅಲ್ಲಿ ವಾಲೈ ಬೇಕಾದರೆ ಕತ್ತಲಿಗೇ ಹೋಗಬೇಕು.

ಈಗ ನಿನ್ನ ಭಯದ ವಿಷಯ. ಭಯ ಇರುವುದು ಒಳ್ಳೆಯದೇ. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ (ಡಿಎನ್ಆರ್) ಹೇಳುವ ಲೆಕ್ಕ ಹೀಗಿದೆ: ಹೊಸದಾಗಿ ಕಟ್ಟಿದ, ಗಾಜಿನ ಹಾಗೆ ತಿಳಿಯಾದ ಐಸ್ ಆದರೆ ನಡೆಯಲು 4 ಇಂಚು, ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗೆ 5ರಿಂದ 7 ಇಂಚು, ಸಣ್ಣ ಕಾರಿಗೆ 9ರಿಂದ 10 ಇಂಚು. ದೊಡ್ಡ ಪಿಕಪ್‌ಗೆ ಇನ್ನೂ ಜಾಸ್ತಿ ಬೇಕು. ಹಿಮ ಸೇರಿ ಬೆಳ್ಳಗೆ ಕಟ್ಟಿದ ಐಸ್‌ಗೆ ಅಷ್ಟು ಬಲವಿಲ್ಲ, ಅದಕ್ಕೆ ಎರಡರಷ್ಟು ದಪ್ಪ ಬೇಕು. ಒಂದೇ ಕೆರೆಯಲ್ಲಿ ಒಂದು ಕಡೆ ಒಂದೂವರೆ ಅಡಿ ಇದ್ದರೆ ಸ್ವಲ್ಪ ದೂರದಲ್ಲೇ ತೆಳ್ಳಗಿರಬಹುದು. ನೀರು ಬಂದು ಸೇರುವ ಜಾಗ, ಸೇತುವೆಯ ಕೆಳಗೆ, ಐಸ್ ಹಲಗೆಗಳು ಒಂದಕ್ಕೊಂದು ತಳ್ಳಿ ಎದ್ದ ಬಿರುಕಿನ ಸಾಲು, ಇವೆಲ್ಲದರಿಂದ ದೂರವಿರಬೇಕು. ನಿನ್ನ ಸಹೋದ್ಯೋಗಿಯನ್ನು ಸಂಕೋಚವಿಲ್ಲದೆ ಕೇಳು: ಯಾವ ರೆಸಾರ್ಟ್‌ನ ದಾರಿಯಲ್ಲಿ ಹೋಗುತ್ತೇವೆ, ಈ ವಾರ ಅಲ್ಲಿ ಎಷ್ಟು ಇಂಚು? ಮಿಲ್ ಲ್ಯಾಕ್ಸ್ ದಂಡೆಯ ರೆಸಾರ್ಟ್‌ನವರು ಐಸ್ ಮೇಲೆ ಹಿಮ ಗೋರಿ ದಾರಿ ಮಾಡುತ್ತಾರೆ, ದಪ್ಪ ಅಳೆಯುತ್ತಾರೆ, ಬಿರುಕಿನ ಮೇಲೆ ಸೇತುವೆ ಹಾಕುತ್ತಾರೆ, ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತಾರೆ. ಕೊಡಬೇಕಾದ ದುಡ್ಡೇ ಅದು. ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡದವರ ಜೊತೆ ಹೋಗಬೇಡ. ಮೊದಲ ಸಲ ಒಬ್ಬನೇ ಅಂತೂ ಬೇಡವೇ ಬೇಡ.

ಕೆರೆಯ ಮೇಲೆ ಗಾಡಿ ನಿಧಾನ ಹೋಗಬೇಕು, ಕಿಟಕಿ ಇಳಿಸಿರಬೇಕು, ಸೀಟ್ ಬೆಲ್ಟ್ ಬಿಚ್ಚಿರಬೇಕು. ಐಸ್ ಪಿಕ್ ಅಂತ ಜೋಡಿ ಚೂಪು ಮೊಳೆಯ ಹಿಡಿಗಳು ಸಿಗುತ್ತವೆ, ಕುತ್ತಿಗೆಗೆ ನೇತು ಹಾಕಿಕೋ. ಅಕಸ್ಮಾತ್ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಬರುವುದಿಲ್ಲ. ಆಗ ಒದ್ದಾಡದೆ ಉಸಿರನ್ನಷ್ಟೇ ನೋಡಿಕೊಳ್ಳಬೇಕು. ಕೈಕಾಲು ಮಾತು ಕೇಳುವುದು ಸುಮಾರು ಹತ್ತು ನಿಮಿಷ. ಬಂದ ದಿಕ್ಕಿಗೇ ತಿರುಗಿ, ಪಿಕ್ ಚುಚ್ಚಿ, ಕಾಲು ಬಡಿದು ಮೇಲೆ ಬಾ. ಬಂದ ಮೇಲೆ ಎದ್ದು ನಿಲ್ಲಬೇಡ, ಉರುಳಿಕೊಂಡು ದೂರ ಹೋಗು. ಇದನ್ನು ಹೆಂಡತಿಗೂ ಓದಿ ಹೇಳು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಮೀನು ಹಿಡಿಯಲು ಐಸ್ ಮೇಲೆ ಇಡುವ ಸಣ್ಣ ಮನೆಗೆ ಇಲ್ಲಿ ಫಿಶ್ ಹೌಸ್ ಅನ್ನುತ್ತಾರೆ, ಅದರೊಳಗೆ ಪ್ರೊಪೇನ್ ಹೀಟರ್ ಉರಿಯುತ್ತಿರುತ್ತದೆ. ಗಾಳಿ ಆಡದಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ವಾಸನೆ ಇಲ್ಲ, ತಲೆನೋವು ಬರುವಷ್ಟರಲ್ಲಿ ತಡವಾಗಿರಬಹುದು. ಬ್ಯಾಟರಿಯ ಅಲಾರಂ ಇದೆಯಾ ಅಂತ ಕೇಳು. ಇಲ್ಲದಿದ್ದರೆ ನೀನೇ ಒಂದು ಕೊಂಡು ಹೋಗು.

ಬಟ್ಟೆ ಬಗ್ಗೆ ಎರಡೇ ಮಾತು. ಮೈಗೆ ತಾಗುವ ಬಟ್ಟೆ ಹತ್ತಿಯದು ಬೇಡ, ಬೆವರಿದರೆ ಒಣಗುವುದಿಲ್ಲ, ಉಣ್ಣೆಯದು ಹಾಕು. ಬೂಟಿನೊಳಗೆ ಎರಡು ಜೊತೆ ಸಾಕ್ಸ್ ತುರುಕಬೇಡ, ಬಿಗಿಯಾದಷ್ಟೂ ಕಾಲು ತಣ್ಣಗಾಗುತ್ತದೆ.

ಅಲ್ಲಿ ಕೂತು ಏನು ಮಾಡಲಿ ಅಂದೆಯಲ್ಲ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸೂರ್ಯ ಮುಳುಗುವ ಒಂದು ಗಂಟೆ ಮುಂಚೆಯೇ ಎಲ್ಲ ಸಿದ್ಧವಾಗಿರಬೇಕು. ಆಗರ್‌ನಿಂದ ತೂತು ಕೊರೆಯುವ ಸದ್ದೆಲ್ಲ ಆಗಲೇ ಮುಗಿದಿರಬೇಕು. ಆಮೇಲೆ ಕೆರೆ ಸದ್ದು ಶುರುಮಾಡುತ್ತದೆ. ಚಳಿ ಏರಿದಂತೆ ಐಸ್ ಸೆಟೆದುಕೊಂಡು ಬಿರಿಯುತ್ತದೆ. ಒಂದು ದಡದಿಂದ ಇನ್ನೊಂದು ದಡಕ್ಕೆ ಉದ್ದಕ್ಕೆ ಓಡುವ ಗುಡುಗು, ಕಾಲಡಿಯಲ್ಲೇ ಹಾದುಹೋಗುತ್ತದೆ. ಮೊದಲ ಸಲ ಎದೆ ಧಸಕ್ಕೆನ್ನುತ್ತದೆ. ದಪ್ಪ ಐಸ್ ಕೂಡ ಹಾಗೇ ಕೂಗುತ್ತದೆ, ಆ ಸದ್ದೊಂದೇ ಅಪಾಯದ ಗುರುತಲ್ಲ.

ಚಳಿಗಾಲದಲ್ಲಿ ಇಲ್ಲಿ ಒಬ್ಬರಿಗೆ ಎರಡು ಗಾಳ ಹಾಕಲು ಅವಕಾಶವಿದೆ. ಒಂದನ್ನು ಗೋಡೆಯ ರ್‍ಯಾಟಲ್ ರೀಲ್‌ಗೆ ಸುತ್ತಿ, ಮಿನ್ನೋ ಅನ್ನುವ ಸಣ್ಣ ಮೀನನ್ನು ಜೀವಂತ ಸಿಕ್ಕಿಸಿ ತಳಕ್ಕಿಂತ ಸ್ವಲ್ಪ ಮೇಲೆ ಬಿಟ್ಟಿರುತ್ತಾರೆ. ಮೀನು ಎಳೆದರೆ ಅದು ಗಲಗಲ ಅನ್ನುತ್ತದೆ. ಇನ್ನೊಂದು ನಿನ್ನ ಕೈಯಲ್ಲಿ. ಕತ್ತಲಲ್ಲಿ ಹೊಳೆಯುವ ಸ್ಪೂನ್ ಗಾಳ, ತುದಿಗೆ ಮಿನ್ನೋ ತಲೆ. ಟಾರ್ಚ್ ಹಿಡಿದು ಅದಕ್ಕೆ ಬೆಳಕು ತುಂಬಿಸಿ ಇಳಿಸು. ಬೆಳಕಿರುವಾಗ ಮೇಲೆತ್ತಿ ಬಿಟ್ಟು ಆಡಿಸಬಹುದು. ಪೂರ್ತಿ ಕತ್ತಲಾದ ಮೇಲೆ ಕೈ ನಿಧಾನವಾಗಬೇಕು, ಸುಮ್ಮನೆ ಹಿಡಿದು ಆಗಾಗ ಸ್ವಲ್ಪ ಅಲುಗಿಸಿದರೆ ಸಾಕು. ಪಕ್ಕದಲ್ಲಿ ಫ್ಲಾಶರ್ ಅನ್ನುವ ಯಂತ್ರವಿರುತ್ತದೆ, ಅದರ ದುಂಡು ಪರದೆಯಲ್ಲಿ ನಿನ್ನ ಗಾಳ ಒಂದು ಗೆರೆ. ಅದರ ಕೆಳಗೆ ಇನ್ನೊಂದು ಗೆರೆ ಎದ್ದು ಕೆಂಪಾದರೆ ಮೀನು ನೋಡುತ್ತಿದೆ ಅಂತ ಅರ್ಥ. ಆಗ ಗಾಳವನ್ನು ಮೆಲ್ಲಗೆ ಮೇಲೆತ್ತು. ಅದೂ ಹಿಂದೆಯೇ ಏರಿ ಬರುತ್ತದೆ. ಆ ಹೊತ್ತಿನಲ್ಲಿ ಮನೆಯೊಳಗೆ ಯಾರೂ ಮಾತಾಡುವುದಿಲ್ಲ.

ಉಳಿದ ಹೊತ್ತೆಲ್ಲ ಮಾತೇ. ಆಫೀಸಿನಲ್ಲಿ ಹವಾಮಾನ ಬಿಟ್ಟು ಬೇರೆ ಮಾತಾಡದ ಇಲ್ಲಿನ ಜನ ಫಿಶ್ ಹೌಸ್ ಒಳಗೆ ಅಪ್ಪ, ಅಜ್ಜ, ಜಮೀನು, ಮಕ್ಕಳು ಅಂತ ಎಲ್ಲ ಹೇಳಿಕೊಳ್ಳುತ್ತಾರೆ. ಎದುರುಬದುರು ಮುಖ ನೋಡದೆ ಎಲ್ಲರೂ ತೂತನ್ನೇ ನೋಡುತ್ತ ಕೂತಿರುವುದರಿಂದ ಇರಬೇಕು. ಈ ಊರಿನಲ್ಲಿ ನನಗೆ ನಿಜವಾದ ಸ್ನೇಹ ಅಂತ ಸಿಕ್ಕಿದ್ದು ಅಲ್ಲೇ. ನೀನು ಒಂಟಿತನದ ಬಗ್ಗೆ ಬರೆದ ಸಾಲು ಓದಿದ ಮೇಲೆಯೇ ಇಷ್ಟುದ್ದ ಬರೆಯಲು ಕೂತೆ.

ಅಲ್ಲಿ ಈ ನೆಲದ ಮೂಲನಿವಾಸಿಗಳಾದ ಒಜಿಬ್ವೆ ಜನರ ಹಕ್ಕಿನ ಬಗ್ಗೆ ಯಾರಾದರೂ ಗೊಣಗುವುದು ನಿನ್ನ ಕಿವಿಗೆ ಬೀಳಬಹುದು. ಮೊದಲೇ ತಿಳಿದುಕೊಂಡು ಹೋಗು. ಅದು ಅವರ ಕೆರೆ. 1837ರ ಒಪ್ಪಂದದಲ್ಲಿ ಅಮೆರಿಕ ಸರ್ಕಾರಕ್ಕೆ ನೆಲ ಬಿಟ್ಟುಕೊಡುವಾಗ ಬೇಟೆಯ, ಮೀನಿನ ಹಕ್ಕನ್ನು ಅವರು ಉಳಿಸಿಕೊಂಡಿದ್ದರು. 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಹಕ್ಕು ಈಗಲೂ ಇದೆ ಎಂದು ತೀರ್ಪು ಕೊಟ್ಟಿತು. ನಾವು ಹೊರಗಿನಿಂದ ಬಂದವರು ಅದಕ್ಕೆ ತಲೆಬಾಗಬೇಕು ಅನ್ನುವುದು ನನ್ನ ಅಭಿಪ್ರಾಯ.

ನೀನು ಮೀನು ತಿನ್ನದಿರುವುದು ಯಾರಿಗೂ ತೊಂದರೆಯಲ್ಲ. ಗಾಳ ಹಾಕದೆ ಬರೀ ಕೂತಿದ್ದರೆ ಲೈಸೆನ್ಸ್ ಕೂಡ ಬೇಡ. ಆದರೆ ಹಿಡಿದು ವಾಪಸ್ ಬಿಟ್ಟರೆ ಪಾಪ ತಟ್ಟುವುದಿಲ್ಲ ಅಂದುಕೊಳ್ಳಬೇಡ. ತುಂಬ ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬಿರುತ್ತದೆ, ಬಿಟ್ಟರೂ ಅದು ಬದುಕುತ್ತದೆ ಅಂತ ಹೇಳಲಾಗದು. ಬಯಲಿನಲ್ಲಿ ಹೆಚ್ಚು ಹೊತ್ತು ಇಟ್ಟರೆ ಕಣ್ಣು, ಕಿವಿರು ಹೆಪ್ಪುಗಟ್ಟುತ್ತವೆ. ಗಾಳ ಮುಟ್ಟುವುದಾ ಬೇಡವಾ ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗು. ಚಿತ್ರಾನ್ನ, ಚಪಾತಿ ಸುರುಳಿ, ಫ್ಲಾಸ್ಕ್ ತುಂಬ ಕಾಫಿ ಕಟ್ಟಿಕೋ. ಹೀಟರ್ ಮೇಲೆ ಬಿಸಿ ಮಾಡಿ ಎಲ್ಲರಿಗೂ ಹಂಚು.

ಹೆಂಡತಿ ಗಾಳ ಹಾಕುವುದಾದರೆ ಲೈಸೆನ್ಸ್ ಬೇಕು. 60 ದಿನ ಇಲ್ಲಿ ವಾಸವಿದ್ದರೆ ರಾಜ್ಯದವರ ದರ ಸಿಗುತ್ತದೆ, ಜನವರಿ ಹೊತ್ತಿಗೆ ನಿಮಗೆ ಅಷ್ಟಾಗಿರುತ್ತದೆ. ಫೆಬ್ರವರಿಯ ಕೊನೆಯ ಭಾನುವಾರಕ್ಕೆ ವಾಲೈ ಹಿಡಿಯುವುದು ಬಂದ್, ಅದರೊಳಗೆ ಹೋಗಿ ಬನ್ನಿ. ಮಿಲ್ ಲ್ಯಾಕ್ಸ್‌ನಲ್ಲಿ ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದು ಅನ್ನುವ ನಿಯಮ ಬೇರೆ, ಅದು ಬದಲಾಗುತ್ತಲೂ ಇರುತ್ತದೆ. ಹೊರಡುವ ದಿನ ಡಿಎನ್ಆರ್ ಪುಟದಲ್ಲಿ ನೋಡಿ. ಅಳೆದು ನೋಡಲು ಆಗುವಂತೆ ಮೀನನ್ನು ತಲೆ, ಬಾಲ ಸಮೇತ ಇಡಿಯಾಗಿಯೇ ತರಬೇಕು.

ಅವಳಿಗೆ ಇನ್ನೊಂದು ಮಾತು ಹೇಳು. ವಾಲೈ ಮಾಂಸ ಬೆಳ್ಳಗೆ, ಮೆದು, ನಾರ್ತರ್ನ್ ಪೈಕ್ ಅನ್ನುವ ಇಲ್ಲಿನ ಇನ್ನೊಂದು ಮೀನಿನ ಹಾಗೆ ಸಣ್ಣ ಮುಳ್ಳಿನ ಕಾಟವಿಲ್ಲ. ಊರಲ್ಲಿ ಕಾಣೆಗೆ ಹಚ್ಚುವ ಮಸಾಲೆಯನ್ನೇ ಹಚ್ಚಲಿ, ಆದರೆ ಹುಳಿ ಕಮ್ಮಿ ಇರಲಿ. ಮೇಲೆ ರವೆ ಹೊರಳಿಸಿ ಕಾವಲಿಯಲ್ಲಿ ತೆಂಗಿನೆಣ್ಣೆ ಹಾಕಿ ಹುರಿಯಲಿ. ಮೀನಿನ ಕೆನ್ನೆಯ ತುಂಡನ್ನು ಬಿಸಾಡಬಾರದು, ರುಚಿ ಇರುವುದೇ ಅಲ್ಲಿ. ಕರೆದುಕೊಂಡು ಹೋದ ಆ ಸಹೋದ್ಯೋಗಿಗೂ ಒಂದು ಡಬ್ಬಿ ಕಳಿಸಿ.